ಅಮ್ಮ ತುಳಿದ ಗಿಳಿ

ಮಂಡಿ ಮೊಹಲ್ಲಾದ ನಮ್ಮ ಮನೆಯಲ್ಲಿ ಅಚ್ಚಿನ ಯಂತ್ರವಿರಲಿಲ್ಲ, ಅಮ್ಮ ಇದ್ದಳು. ನೆಲಕ್ಕೆ ಹಾಸುವ ಲಿನೋಲಿಯಂ ತುಂಡಿನಲ್ಲಿ ನಾನು ಗಿಳಿ ಕೆತ್ತಿ, ಎಣ್ಣೆಬಣ್ಣ ಬಳಿದು, ಮೇಲೆ ಕಾಗದ ಹಾಸಿದರೆ ಅವಳು ಹತ್ತಿ ನಿಲ್ಲುತ್ತಿದ್ದಳು. ತೂಕ ಸಾಕಷ್ಟಿತ್ತು. ಒಂದೇ ಕಾಗದದ ಮೇಲೆ ಹಳದಿ, ಕೆಂಪು, ಹಸಿರು, ದಿನಕ್ಕೊಂದು ಬಣ್ಣ. ಅವಳು ಇಳಿದು ನಾನು ಕಾಗದ ಎತ್ತಿದ ಕೂಡಲೇ, ತುಳಿದ ತಪ್ಪಿಗೆ ಹಸಿ ಅಚ್ಚನ್ನು ಮುಟ್ಟಿ ಎರಡೂ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

“ಅದು ಬರೀ ಗಿಳಿ ಕಣಮ್ಮ,” ಎಂದೆ.

“ಗಿಳಿಯೋ ಗೂಬೆಯೋ, ಕಾಗದ ಅಂದ್ರೆ ಸರಸ್ವತಿ ಕಣೋ.”

ಅವಳ ಕಣ್ಣಿಗಂಟಿದ ಆ ಬಣ್ಣ ಸೀಗೆಪುಡಿಗೂ ಬಗ್ಗಲಿಲ್ಲ. ನನ್ನ ಕಾಗದದ ಮೇಲೆ ಮೂರು ಬಣ್ಣ ಒಂದು ಸಲವೂ ಸರಿಯಾಗಿ ಕೂರಲಿಲ್ಲ. ಗಿಳಿಯ ಕೊಕ್ಕು ಮುಖ ಬಿಟ್ಟು ಅರ್ಧ ಅಂಗುಲ ಆಚೆಗಿತ್ತು. ಅಮ್ಮನ ರೆಪ್ಪೆಗಳ ಮೇಲೆ ಮಾತ್ರ ಮೂರೂ ಕೂದಲೆಳೆಯಷ್ಟೂ ಆಚೀಚೆಯಾಗದೆ ಒಂದರ ಮೇಲೊಂದು ಕೂತಿದ್ದವು.