ನೀನು ಅಂದ ‘ಸಾಕು’

ಅಕ್ಕ, ಆ ವಿಚಾರಣೆಯ ದಿನ ನೀನು ಹೇಳದ ಮಾತನ್ನು ನೀನೇ ಹೇಳಿದೆಯೆಂದು ಇಂಗ್ಲಿಷಿನಲ್ಲಿ ಹೇಳಿದವಳು ನಾನು. ಬಾಯಿ ತಪ್ಪಿ ಬಂದದ್ದಲ್ಲ. ಗೊತ್ತಿದ್ದೇ ಹೇಳಿದೆ.

ಸುಹಾಸ ಹೋಗಿ ವರ್ಷ ತುಂಬಿರಲಿಲ್ಲ. ನಿನ್ನ ಮಗ, ಅಬುಧಾಬಿಯಲ್ಲೇ ಹುಟ್ಟಿ ಬೆಳೆದವನು, ಫಿಸಿಯೋಥೆರಪಿ ಕಲಿತು ಅಮೆರಿಕಕ್ಕೆ ಹೋದವನು — ಅಂಗಡಿಯಲ್ಲಿ ತನ್ನ ಪಾಪುವಿಗೆ ಶೂ ನೋಡುತ್ತಿದ್ದಾಗ ಯಾವನೋ ಹಾರಿಸಿದ ಗುಂಡಿಗೆ ಬಲಿಯಾದ. ಆಮೇಲೆ ಆ ರಾಜ್ಯದಲ್ಲಿ ಕಾನೂನೊಂದರ ಚರ್ಚೆ ಎದ್ದಿತು: ಬಂದೂಕಿನ ಮ್ಯಾಗಝಿನ್‌ನಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಸಬಾರದು. ಆ ಪಾಪಿಯದರಲ್ಲಿ ಮೂವತ್ತಿದ್ದವು. ಅದು ಖಾಲಿಯಾಗಿ ಇನ್ನೊಂದನ್ನು ಸಿಕ್ಕಿಸುವಷ್ಟರಲ್ಲಿ ಉಳಿದವರು ಓಡಿ ಪಾರಾದರು. ಹತ್ತಕ್ಕೇ ಖಾಲಿಯಾಗಿದ್ದರೆ — ಮುಂದಿನದನ್ನು ನಾನು ಇವತ್ತಿಗೂ ಮುಗಿಸಲಾರೆ.

ನಿನ್ನ ಸೊಸೆ ದೀಪಿಕಾ ಆ ಕಾನೂನಿಗೆ ಕಡು ವಿರೋಧಿ. ಗಂಡ ಹೋದ ಮೇಲೆ ಅವಳೂ ಬಂದೂಕು ಕೊಂಡಿದ್ದಳು. “ಕಾನೂನು ಪಾಲಿಸುವವರ ಕೈ ಮಾತ್ರ ಕಟ್ಟಿ ಹಾಕ್ತಾರೆ ಚಿಕ್ಕಮ್ಮ. ಮೂರು ಜನ ಬಾಗಿಲು ಒಡೆದ್ರೆ ನಾನು ಪಾಪುವನ್ನು ಹಿಡ್ಕೊಂಡು ಗುಂಡು ಲೆಕ್ಕ ಮಾಡ್ತಾ ಕೂರ್ಬೇಕಾ?” ಎಂದು ಫೋನಿನಲ್ಲಿ ನನ್ನೊಡನೆ ಜಗಳವಾಡಿದ್ದಳು.

ಆ ಕಾನೂನಿನ ಬಗ್ಗೆ ಅಲ್ಲಿನ ಶಾಸನಸಭೆಯ ಸಮಿತಿ ನಡೆಸಿದ ವಿಚಾರಣೆಯಲ್ಲಿ ವೀಡಿಯೊ ಕರೆಯ ಮೂಲಕ ಮಾತಾಡಲು ತಾಯಿಯಾದ ನಿನ್ನನ್ನೂ ಕರೆದರು. ನಿನಗೆ ಯಾರ ಪಕ್ಷವೂ ಬೇಡವಾಗಿತ್ತು. “ಅವ ಎಂಥ ಹುಡುಗ ಅಂತ ಹೇಳ್ತೇನೆ, ಅಷ್ಟೇ. ದೀಪಿಕಾಳ ಮನಸ್ಸು ನೋಯಿಸುದು ಬೇಡ. ಪಾಪುವಿನ ಮುಖ ನೋಡ್ಬೇಕಾದ್ರೆ ನಂಗೆ ಅವಳೇ ದಿಕ್ಕು” ಎಂದಿದ್ದೆ ನೀನು. ನಾನು ತಲೆಯಾಡಿಸಿದ್ದೆ.

ಇಲ್ಲೇ ಅಬುಧಾಬಿಯ ಖಾಲಿದಿಯಾದ ನನ್ನ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆವು. ನೀನು ಹೇಳಿದ್ದನ್ನು ನಾನು ತರ್ಜುಮೆ ಮಾಡುತ್ತ ಹೋದೆ. ಕೊನೆಗೆ ಸಮಿತಿಯವರೊಬ್ಬರು ನಿನ್ನನ್ನೇ ಕೇಳಿದರು.

“ಅಕ್ಕ, ಹತ್ತು ಸಾಕಾ ಅಂತ ಕೇಳ್ತಿದ್ದಾರೆ.”

ನೀನು ಸೆರಗಿನಿಂದ ಮುಖ ಮುಚ್ಚಿಕೊಂಡೆ. “ಸಾಕು ಮಾರಾಯ್ತಿ, ಸಾಕು.”

ಆ ಸಾಕು ಯಾವುದೆಂದು ನನಗೆ ತಿಳಿಯದೆ? ನಿಲ್ಲಿಸು, ಇನ್ನು ನನ್ನಿಂದಾಗದು ಎನ್ನುವ ಸಾಕು ಅದು. ನಾನು ಪರದೆ ನೋಡಿ, ಚೂರೂ ತಡವರಿಸದೆ ಹೇಳಿದೆ — ಹೌದು, ಹತ್ತು ಸಾಕು ಎನ್ನುತ್ತಿದ್ದಾರೆ ತಾಯಿ.

ದೀಪಿಕಾ ಅಲ್ಲಿಂದ ವಿಚಾರಣೆಯ ನೇರಪ್ರಸಾರ ನೋಡುತ್ತಿದ್ದಳು. ಮರುದಿನ ಫೋನ್ ಮಾಡಿ, “ಚಿಕ್ಕಮ್ಮ, ಅತ್ತೆ ಯಾವ ಸಾಕು ಹೇಳಿದ್ದು?” ಎಂದು ಕೇಳಿದಳು. ಎಷ್ಟು ಸರಿಯಾಗಿ ಕೇಳಿದಳು ನೋಡು. ಆಗಲೂ ಸರಿಪಡಿಸಬಹುದಿತ್ತು. “ನೀನೇ ಕೇಳಿದ್ದೀಯಲ್ಲ” ಎಂದೆ.

ಅಲ್ಲಿಂದ ಅವಳ ಕರೆ ಅಪರೂಪವಾಯಿತು, ಆಮೇಲೆ ನಿಂತೇ ಹೋಯಿತು. ಪಾಪು ಈಗ ಶಾಲೆಗೆ ಹೋಗುತ್ತಿರಬೇಕು. “ಮಗನೇ ಇಲ್ಲದ ಮೇಲೆ ಅತ್ತೆ ಯಾಕೆ? ಖಲಾಸ್” ಎಂದು ನೀನು ಅವಳನ್ನು ದೂರುವಾಗೆಲ್ಲ ನಾನು ಚಹಾ ಹೀರುತ್ತ ಕೂತಿದ್ದೇನೆ. ಅದು ನನ್ನ ಹೇಡಿತನ, ಅದಕ್ಕೆ ಬೇರೆ ಹೆಸರಿಲ್ಲ.

ಕಾನೂನು ಪಾಸಾಯಿತು. ನಮ್ಮ ಒಂದು ಮಾತಿನಿಂದ ಆಯಿತೆನ್ನಲು ನನಗೇನು ಹುಚ್ಚೇ? ಆದರೂ ನನಗೆ ಸಂತೋಷವಾಯಿತು, ಈಗಲೂ ಇದೆ. ಹತ್ತು ಸಾಕು. ಸುಹಾಸನನ್ನು ಎತ್ತಿ ಆಡಿಸಿದವಳು ನಾನು. ದೀಪಿಕಾ ಎದುರು ನಿಂತರೂ, ನೀನೇ ನಿಂತರೂ ಇದನ್ನೇ ಹೇಳುತ್ತೇನೆ. ಆದರೆ ಅದನ್ನು ನನ್ನ ಬಾಯಿಂದ ಹೇಳಬೇಕಿತ್ತು. ಮಗನನ್ನು ಕಳೆದುಕೊಂಡವಳ ಬಾಯಿಗೆ ತೂಕ ಹೆಚ್ಚೆಂದು ನಿನ್ನದನ್ನು ಕಿತ್ತುಕೊಂಡೆ — ಮೊಮ್ಮಗುವನ್ನೂ.

ಶುಕ್ರವಾರ ಊಟಕ್ಕೆ ಬರುತ್ತೀಯಲ್ಲ, ಅದೇ ಮೇಜಿಗೆ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ದೀಪಿಕಾಳಿಗೆ ಕರೆ ಮಾಡಿ ಎಲ್ಲ ಹೇಳುತ್ತೇನೆ. ಅವಳು ಬೈಯಲಿ. ಕೇಳಿದ ಮೇಲೆ ನೀನು ನನ್ನತ್ತ ತಿರುಗಿ ‘ಸಾಕು’ ಎಂದರೆ — ಅಕ್ಕ, ಈ ಸಲ ನಾನು ಅದಕ್ಕೆ ಬೇರೆ ಅರ್ಥ ಕಟ್ಟುವುದಿಲ್ಲ.