ಜುಮ್ಮೆಂದರೆ ಒಳ್ಳೆಯದು

ನನಗೆ ಅವಸರ ಎಂಬ ರೋಗವುಂಟು. ಹಾಲು ಉಕ್ಕುವವರೆಗೂ ಕಾಯಲಾರದ ನಾನು ಹೊರರಾಜ್ಯದ ಮಹಾನಗರವೊಂದರಲ್ಲಿ, ಹಿಮಾಯತ್‌ನಗರದ ಒಂದು ಕೋಣೆಯಲ್ಲಿ ಊರವರ ಕತ್ತು, ಕೈ ತಿದ್ದುವ ಫಿಸಿಯೋಥೆರಪಿಸ್ಟ್ ಆದದ್ದು ದೇವರ ತಮಾಷೆಯೇ ಇರಬೇಕು. ಏಕೆಂದರೆ ತುಂಡಾದ ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರು.

ತಾಯಿಯ ಹೊಟ್ಟೆಯಲ್ಲಿ ಇದೇ ನರಕ್ಕೆ ಏನು ಸಡಗರ! ಬೆರಳು ಮೊಳೆಯುವ ಹೊತ್ತಿಗೆ ಅಕ್ಕಪಕ್ಕದ ಜೀವಕೋಶಗಳನ್ನು ದಾರಿ ಕೇಳಿಕೊಂಡು ಹೊರಡುತ್ತದೆ. ಮೊದಲು ಹೋದ ಎಳೆಯನ್ನು ಹಿಡಿದು ಉಳಿದವು ಹೋಗುತ್ತವೆ. ಊರು ಚಿಕ್ಕದು, ದಾರಿ ಹೇಳುವವರು ಬಹಳ. ದೊಡ್ಡವರಾದ ಮೇಲೆ ತುಂಡಾಯಿತೋ, ಖಾಲಿ ಉಳಿದ ಹಳೆಯ ಕೊಳವೆಯೊಳಗೆ ತಡವರಿಸಿಕೊಂಡು ಹೋಗಬೇಕು. ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯುವ ಉಪಾಯ ಮಾತ್ರ ಸುಲಭ. ಚರ್ಮದ ಮೇಲೆ ಬೆರಳಿನಿಂದ ತಟ್ಟುತ್ತಾ ಹೋಗುವುದು. ಜುಮ್ಮೆಂದ ಕಡೆ ಪೆನ್ನಿನಿಂದ ಗೆರೆ ಎಳೆಯುವುದು.

ಇದೇ ನಗರದ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಏಳುತ್ತಿದ್ದ ಕಾಲ. ಯಾದಗಿರಿ ಕಡೆಯ ಸಾಬಣ್ಣ ಅಲ್ಲಿ ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದ. ಎರಡು ಟೈಲ್ಸ್ ನಡುವಿನ ಏರಿಳಿತವನ್ನು ಬೆರಳ ತುದಿಯಿಂದಲೇ ಹೇಳುವವನು. ಗಾಜಿನ ಹಲಗೆ ಜಾರಿ ಬಲ ಮಣಿಕಟ್ಟಿನ ನರ ತುಂಡಾಯಿತು. ಡಾಕ್ಟರು ಹೊಲಿದು ನನ್ನ ಬಳಿ ಕಳಿಸಿದರು. ಬೆರಳಿಗೆ ಸ್ಪರ್ಶ ಮರಳದಿದ್ದರೆ ಅವನ ಕಸುಬೇ ಹೋದಂತೆ.

ಅವನು ಜೊತೆಗಾರನೊಡನೆ ಆಡಿದ ಕನ್ನಡ ನನ್ನ ಕಿವಿಗೆ ಬಿದ್ದಿತ್ತು. ನಾನು ವಿಜಯಪುರದವಳು, ಆದರೂ ಬಾಯಿ ಬಿಡಲಿಲ್ಲ. ಮಾತು ಬೆಳೆದರೆ ಊರು, ಮನೆತನ, ಬೀಗರು ಎಲ್ಲರೂ ಬರುತ್ತಾರೆ. ಹೊರಗೆ ಕತ್ತುನೋವಿನ ಕಂಪ್ಯೂಟರ್ ಮಂದಿಯ ಸಾಲು ಕಾಯುತ್ತಿರುತ್ತದೆ. ಹಿಂದಿಯಲ್ಲಿ ನಾಲ್ಕು ಮಾತಾಡಿದೆ, ಮುಗಿಯಿತು.

ನಾಲ್ಕನೇ ತಿಂಗಳು ಗೆರೆ ಅಂಗೈ ದಾಟಿ ಬೆರಳ ಬುಡಕ್ಕೆ ಬಂತು. ಸಾಬಣ್ಣನ ಮುಖ ಸಪ್ಪಗಿತ್ತು. ಇರುವೆ ಕಡಿದ ಹಾಗಾಗುತ್ತಿದೆ, ನೋವು ಹೆಚ್ಚಾಗಿದೆ ಎಂದು ಹರಕು ಹಿಂದಿಯಲ್ಲಿ ಹೇಳಿದ. ನನಗೋ ಖುಷಿ. “ಅಚ್ಛಾ ಹೈ, ಬಹುತ್ ಅಚ್ಛಾ ಹೈ” ಎಂದು ಬೆನ್ನು ತಟ್ಟಿ ಮುಂದಿನವರನ್ನು ಕರೆದೆ. ನೋವು ಹೆಚ್ಚಾದರೆ ಒಳ್ಳೆಯದು ಎನ್ನುವ ಹೆಂಗಸನ್ನು ಯಾರು ನಂಬುತ್ತಾರೆ?

ಮುಂದಿನ ತಿಂಗಳು ಬಂದು ಅಂಗೈ ಬಿಚ್ಚಿದ. ನಾನು ಗೆರೆ ಎಳೆದಿದ್ದಲ್ಲೇ ಮೂರು ಸುಟ್ಟ ಗಾಯ. ಊರಿಗೆ ಹೋಗಿ, ನೋವು ನಿಲ್ಲಲೆಂದು ಹಿರಿಯರೊಬ್ಬರಿಂದ ಕಾದ ಕಬ್ಬಿಣದ ಬರೆ ಹಾಕಿಸಿಕೊಂಡಿದ್ದ. ಬಿಸಿ ಪೂರ್ತಿ ತಿಳಿಯದ ಚರ್ಮ, ಆಳಕ್ಕೇ ಸುಟ್ಟಿತ್ತು.

“ಅಯ್ಯ ನಮ್ಮಪ್ಪಾ, ಏನ್ ಮಾಡ್ಕೊಂಡಿಯೋ! ಜುಮ್ ಅಂದ್ರ ನರ ಬರಾಕತ್ತೈತಿ ಅಂತ ಅರ್ಥ!” ನನ್ನ ಬಾಯಿಂದ ಅವ್ವನ ಕನ್ನಡ ತಾನಾಗಿ ಹೊರಬಿತ್ತು.

ಸಾಬಣ್ಣ ಗಾಯ ಮರೆತು ನನ್ನನ್ನೇ ನೋಡಿದ. “ನೀವು ನಮ್ಮ ಕಡೆಯವರೇನ್ರಿ? ಮತ್ತ ಇದನ್ನ ಮೊದಲ ಯಾಕ ಹೇಳಲಿಲ್ರಿ ಅಕ್ಕಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಕೇಳಿದ್ದು ನಿಜಕ್ಕೂ ತಿಳಿಯಲೆಂದೇ.

ಬೆಳೆದು ಬರುತ್ತಿದ್ದ ನರವೂ ಬರೆಯಲ್ಲಿ ಸುಟ್ಟಿತ್ತು. ಎರಡು ಬೆರಳಿಗೆ ಸ್ಪರ್ಶ ಮರಳಲೇ ಇಲ್ಲ. ಈಗ ಎಡಗೈಯಿಂದ ಟೈಲ್ಸ್ ಸವರಿ ನೋಡುತ್ತಾನೆ. ಮೊದಲಿನ ಹಾಗಲ್ಲ ಎಂದೂ ಹೇಳುತ್ತಾನೆ. ನಾನೀಗ ಯಾರ ಕೈ ಹಿಡಿಯುವ ಮೊದಲೂ ಊರು ಕೇಳುತ್ತೇನೆ. ಸಾಲು ಕಾಯುತ್ತದೆ, ಗೊಣಗುತ್ತದೆ, ಆದರೂ ಕೇಳುತ್ತೇನೆ.

ಆಗಾಗ ಸಾಬಣ್ಣ ಬಂದು ಹಳೆ ಅಭ್ಯಾಸಕ್ಕೆ ಅಂಗೈ ಚಾಚುತ್ತಾನೆ. ನಾನು ತಟ್ಟುತ್ತಾ ಹೋಗುತ್ತೇನೆ. ಬರೆಯ ಕಲೆಯವರೆಗೆ ಬಂದು ಜುಮ್ಮು ನಿಲ್ಲುತ್ತದೆ. “ಇರ್ಲಿ ಬಿಡ್ರಿ ಅಕ್ಕಾ, ಇಲ್ಲೀತನಕಾ ಬಂದೈತಲ್ಲ” ಎಂದು ಅವನೇ ನನಗೆ ಸಮಾಧಾನ ಹೇಳುತ್ತಾನೆ, ನಾನು ಅವನಿಗೆ ಹೇಳಬೇಕಾಗಿದ್ದ ಕನ್ನಡದಲ್ಲಿ.