ಟೈರಿಗೆ ಮೆತ್ತಿದ ಎರೆಮಣ್ಣು

ಶಹಾಬಾದಿನ ಟೈರ್ ಅಂಗಡಿಯಲ್ಲಿ ನಮ್ಮ ಹಳೆಯ ಕಾರಿಗೆ ನಾನು ಅಗಲವಾದ, ಹೊಳೆಯುವ ಟೈರುಗಳನ್ನು ಆರಿಸುತ್ತಿದ್ದೆ. ಅಷ್ಟರಲ್ಲಿ ಅಪ್ಪ ಚೀಲದಿಂದ ನಮ್ಮೂರು ತೆಂಗಳಿಯ ಹೊಲದ ಹಸಿ, ಅಂಟು ಎರೆಮಣ್ಣು ತೆಗೆದು, ಹೊಸ ಟೈರುಗಳ ಗೀರುಗಳಿಗೆ ಮೆತ್ತತೊಡಗಿದರು! ನಾನು ನಾಚಿಕೆಯಿಂದ ಕುಗ್ಗಿಹೋದೆ.

"ಯಜಮಾನ್ರೇ, ಏನ್ ಮಾಡಾಕತ್ತೀರಿ?" ಅಂಗಡಿಯವರು ಕೂಗಿದರು.

"ಸಿಟ್ಟಾಗಬ್ಯಾಡ್ರಿ, ತೊಳದ್ ಕೊಡ್ತೀನಿ. ಬಸುರಿ ಮಗಳ್ನ ಮಳ್ಯಾಗ ಇದೇ ಮಣ್ಣಿನ ದಾರೀಲೇ ದವಾಖಾನಿಗಿ ಒಯ್ಯಬೇಕ್ರಿ."

ಅಪ್ಪ ಒಂದೊಂದೇ ಟೈರನ್ನು ನೆಲಕ್ಕೆ ಕುಕ್ಕಿದರು. ನಾನು ಮೆಚ್ಚಿದ ಟೈರಿನಲ್ಲಿ ಮಣ್ಣು ಹಾಗೇ ಕೂತಿತ್ತು. ಅಂದಗೇಡಿ ಟೈರೊಂದರ ದೊಡ್ಡ ಗೀರುಗಳಿಂದ ಮಾತ್ರ ಅದು ಉದುರಿಬಿತ್ತು. ಅಂಥವನ್ನೇ ಕೊಂಡೆವು.

ಆ ಮಳೆಗಾಲ ಕಾರು ಎಲ್ಲೂ ಕೆಸರಲ್ಲಿ ಹೂತುಹೋಗಲಿಲ್ಲ. ತಂಗಿಯನ್ನೂ ಕೂಸನ್ನೂ ಮನೆಗೆ ಕರೆತಂದಾಗ, ಬಾಗಿಲಲ್ಲಿ ಕಾದಿದ್ದ ಅಪ್ಪ ಮೊದಲು ಬಗ್ಗಿ ಟೈರು ಸವರಿದರು. ಆಮೇಲೆ ಧೋತರಕ್ಕೆ ಕೈ ಒರೆಸಿಕೊಂಡು ಮೊಮ್ಮಗಳನ್ನು ಎತ್ತಿಕೊಂಡರು.